ಮೊಸಾಯಿಕ್ ಗಾಜೆಂದು ಕಳುಹಿಸಿದ ಮುದ್ರಿತ ಬಿಲ್ಲೆಗಳ ಕುರಿತು ದೂರು

ಗೆ,
ಕುಂದುಕೊರತೆ ಅಧಿಕಾರಿಗಳು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

“ಪ್ರಾಚೀನ ಈಜಿಪ್ಟಿನ ಮೊಸಾಯಿಕ್ ಗಾಜು: ಮೂಲ ವಿಧಾನದಲ್ಲೇ ಕೈಯಿಂದ ತಯಾರಿಸಿದ ಪ್ರತಿಕೃತಿಗಳು” ಎಂಬ ನಿಮ್ಮ ಜಾಲತಾಣದ ವಿವರಣೆಯನ್ನು ನಂಬಿ, ಈಜಿಪ್ಟಿನವರು ಪವಿತ್ರವೆಂದು ಪೂಜಿಸುತ್ತಿದ್ದ ಏಪಿಸ್ ಹೋರಿ, ಗಿಡುಗ ಮತ್ತು ಹೆಡೆಯೆತ್ತಿದ ಸರ್ಪದ ಚಿತ್ರಗಳಿರುವ ಮೂರು ಬಿಲ್ಲೆಗಳನ್ನು ಕಳೆದ ತಿಂಗಳು ಪೂರ್ತಿ ಹಣ ಕೊಟ್ಟು ತರಿಸಿಕೊಂಡೆ. ನಾನು ಕಲಾ ಇತಿಹಾಸದ ಅಧ್ಯಾಪಕಿ. ವಸ್ತುಸಂಗ್ರಹಾಲಯದಲ್ಲಿ ಗಾಜಿನ ಪೆಟ್ಟಿಗೆಯಾಚೆ ಮಾತ್ರ ನೋಡಲು ಸಿಗುವ ಈ ಕೆಲಸವನ್ನು ವಿದ್ಯಾರ್ಥಿಗಳ ಅಂಗೈಯಲ್ಲಿಟ್ಟು ವಿವರಿಸಬೇಕೆಂಬುದು ನನ್ನ ಬಹುದಿನದ ಆಸೆಯಾಗಿತ್ತು.

ಬಂದದ್ದು ನೀಲಿ ಗಾಜಿನ ತುಂಡುಗಳ ಮೇಲೆ ಮುದ್ರಿಸಿದ ಚಿತ್ರಗಳು. ಮಗುಚಿದರೆ ಹಿಂಬದಿಯಲ್ಲಿ ಏನೂ ಇಲ್ಲ. ಉಗುರು ತಾಗಿದರೆ ಹೋರಿಯ ಕೊಂಬಿನ ಬಣ್ಣ ಏಳುತ್ತದೆ.

ಇದು ಬರಿಯ ಗುಣಮಟ್ಟದ ಕೊರತೆಯಲ್ಲ, ಬೇರೆಯದೇ ವಸ್ತು. ಈಜಿಪ್ಟನ್ನು ಆಳಿದ ಗ್ರೀಕ್ ಮೂಲದ ಟಾಲೆಮಿ ಅರಸರ ಕೊನೆಯ ಕಾಲ ಮತ್ತು ರೋಮನ್ ಆಳ್ವಿಕೆಯ ಆರಂಭದಲ್ಲಿ, ಅಂದರೆ ಹೆಚ್ಚುಕಡಿಮೆ ಕ್ರಿ.ಪೂ. 1ನೇ ಶತಮಾನದಿಂದ ಕ್ರಿ.ಶ. 1ನೇ ಶತಮಾನದವರೆಗೆ, ಈಜಿಪ್ಟಿನ ಕುಶಲಕರ್ಮಿಗಳು ಬೇರೆ ಬೇರೆ ಬಣ್ಣದ ಗಾಜಿನ ಎಳೆ, ಪಟ್ಟಿಗಳನ್ನು ಚಿತ್ರಕ್ಕೆ ತಕ್ಕಂತೆ ಒಟ್ಟಿಗೆ ಜೋಡಿಸಿ, ಕಾಯಿಸಿ ಬೆಸೆದು, ಆ ದಪ್ಪ ದಿಮ್ಮಿಯನ್ನು ಬಿಸಿಯಿರುವಾಗಲೇ ಎಳೆದು ಸಣ್ಣ ಕಂಬಿಯಾಗಿಸುತ್ತಿದ್ದರು. ಎಳೆದಷ್ಟೂ ಚಿತ್ರ ಕಿರಿದಾಗುತ್ತದೆ, ಆದರೆ ಅಳಿಸುವುದಿಲ್ಲ; ಬಾಳೆದಿಂಡನ್ನು ಎಲ್ಲಿ ಅಡ್ಡ ಕೊಯ್ದರೂ ಅದೇ ಸುತ್ತುಗಳು ಕಾಣುವಂತೆ, ಆ ಕಂಬಿಯ ಪ್ರತಿಯೊಂದು ಹೋಳಿನಲ್ಲೂ ಅದೇ ಚಿತ್ರ ಇರುತ್ತದೆ. ಮುಖಗಳನ್ನು ಮಾಡುವಾಗ ಅರ್ಧ ಮುಖದ ಒಂದೇ ಕಂಬಿಯಿಂದ ಎರಡು ಹೋಳು ಕೊಯ್ದು, ಒಂದನ್ನು ಮಗುಚಿ ಪಕ್ಕಕ್ಕಿಟ್ಟು ಇಡೀ ಮುಖ ಮೂಡಿಸುತ್ತಿದ್ದರು. ಚಿತ್ರವು ಗಾಜಿನ ದಪ್ಪದುದ್ದಕ್ಕೂ ಇದ್ದುದರಿಂದಲೇ ಅದು ಸಾಧ್ಯವಾಯಿತು. ನಿಮ್ಮ ಬಿಲ್ಲೆಯಲ್ಲಿ ವಿದ್ಯಾರ್ಥಿಗಳಿಗೆ ಇದನ್ನು ಹೇಗೆ ತೋರಿಸಲಿ?

ಜೊತೆಗಿರುವ ಮಾಹಿತಿ ಪತ್ರವೂ ತಪ್ಪಾಗಿದೆ. ಇದನ್ನು ತುತಾಂಖಾಮನ್ ಕಾಲದ ಕಲೆಯೆಂದು ಬರೆದಿದ್ದೀರಿ; ಆ ಅರಸನಿಗೂ ಈ ಚಿತ್ರಕಂಬಿಗಳಿಗೂ ಸಾವಿರ ವರ್ಷಕ್ಕೂ ಮೀರಿದ ಅಂತರವಿದೆ. ಮಾದರಿಯೆಂದು ಅಚ್ಚು ಹಾಕಿರುವುದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ, ಈಜಿಪ್ಟಿನ ಪುರಾತನ ನಗರ ಅಮರ್ನಾದ ಮೀನಿನಾಕಾರದ ಸೀಸೆಯ ಚಿತ್ರ. ಅದು ಅಪೂರ್ವ ವಸ್ತು ನಿಜ, ಆದರೆ ಮೊಸಾಯಿಕ್ ಗಾಜಲ್ಲ: ಒಳಗಿನ ತಿರುಳೊಂದರ ಸುತ್ತ ಗಾಜನ್ನು ರೂಪಿಸಿ, ಮೇಲೆ ಬಣ್ಣದ ಎಳೆ ಸುತ್ತಿ, ಅವನ್ನು ಎಳೆದು ಅಲೆಯಂತೆ ಮಾಡಿದ್ದು. ಮಕ್ಕಳೂ ಓದುವ ಪತ್ರದಲ್ಲಿ ಇಂಥ ತಪ್ಪು ಇರುವುದು ನನಗೆ ಹಣ ಹೋದದ್ದಕ್ಕಿಂತ ಹೆಚ್ಚು ನೋವು ತಂದಿದೆ.

ನಿಮ್ಮ ಸಹಾಯವಾಣಿಗೆ ಎರಡು ಬಾರಿ ಕರೆ ಮಾಡಿದಾಗ “ಅಲಂಕಾರಿಕ ವಸ್ತುಗಳನ್ನು ಹಿಂದಕ್ಕೆ ಪಡೆಯುವುದಿಲ್ಲ” ಎಂಬ ಉತ್ತರವಷ್ಟೇ ಸಿಕ್ಕಿತು. ವಿವರಣೆಗೆ ಹೊಂದದ ವಸ್ತುವಿಗೆ ಆ ನಿಯಮ ಅನ್ವಯಿಸುವುದಿಲ್ಲ. ಆದ್ದರಿಂದ ಸಾಗಣೆ ವೆಚ್ಚವೂ ಸೇರಿ ಪೂರ್ತಿ ಹಣ ಮರಳಿಸಿ, ಬಿಲ್ಲೆಗಳನ್ನು ನಿಮ್ಮ ಖರ್ಚಿನಲ್ಲೇ ವಾಪಸು ತರಿಸಿಕೊಳ್ಳಬೇಕು. ಜಾಲತಾಣದಲ್ಲಿ ಅವನ್ನು “ಮುದ್ರಿತ ಚಿತ್ರವಿರುವ ಗಾಜು” ಎಂದು ತಿದ್ದಬೇಕು. ಮಾಹಿತಿ ಪತ್ರವನ್ನು ಹಿಂತೆಗೆದುಕೊಳ್ಳಬೇಕು. ಇ-ವಾಣಿಜ್ಯ ನಿಯಮಗಳು, 2020ರ ಪ್ರಕಾರ ಈ ದೂರಿಗೆ 48 ಗಂಟೆಗಳೊಳಗೆ ಸ್ವೀಕೃತಿಯನ್ನೂ ಒಂದು ತಿಂಗಳೊಳಗೆ ಪರಿಹಾರವನ್ನೂ ನೀಡುವುದು ನಿಮ್ಮ ಹೊಣೆ. ತಪ್ಪಿದಲ್ಲಿ ಜಿಲ್ಲಾ ಗ್ರಾಹಕರ ಆಯೋಗದ ಮುಂದೆ ಹೋಗುತ್ತೇನೆ.

ಬಿಲ್ಲೆಗಳ ಎರಡೂ ಬದಿಯ ಛಾಯಾಚಿತ್ರಗಳು, ರಸೀದಿ ಮತ್ತು ಮಾಹಿತಿ ಪತ್ರದ ಪ್ರತಿಯನ್ನು ಲಗತ್ತಿಸಿದ್ದೇನೆ.

ಇತಿ,
ತಮ್ಮ ವಿಶ್ವಾಸಿ,
ಗ್ರಾಹಕಿ