ಕಾಯಿ ಬಿಡುವಾಗ ನಾನಿರ್ತೀನಾ ಅಂತ ಕೇಳಿದ್ದೀಯ

ಪ್ರೀತಿಯ ಪುಟ್ಟಿ,

ಉಳಿದದ್ದೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿದ್ದಾಳೆ, ಅದು ಬಿಡು. ಪತ್ರದ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, "ಈ ಮಾವಿನ ಸಸಿಗಳು ಕಾಯಿ ಬಿಡುವಾಗ ನಾನು ಇಲ್ಲಿರ್ತೀನೋ ಇಲ್ವೋ" ಅಂತ. ಅದನ್ನು ಓದಿದಾಗಿನಿಂದ ಮನಸ್ಸಿಗೆ ನೆಮ್ಮದಿಯಿಲ್ಲ.

ಸುಮ್ನೆ ಸಮಾಧಾನ ಹೇಳಲಾರೆ. ವಾಟೆಯಿಂದ ಎದ್ದ ಮಾವು ಮೊದಲ ಕಾಯಿ ಕೊಡಲು ಐದಾರು ವರ್ಷವಾದರೂ ಬೇಕು, ಕೆಲವಕ್ಕೆ ಹತ್ತೂ ಆಗುತ್ತದೆ. ಪ್ರತಿವರ್ಷ ಫಸಲು ಕೊಡುತ್ತದೋ, ವರ್ಷ ಬಿಟ್ಟು ವರ್ಷವೋ ಅಂತ ತಿಳಿಯಲು ಇನ್ನೂ ಕಾಯಬೇಕು. ಭತ್ತದ ತಳಿ ಮಾಡುವವರಿಗೆ ಬೆಳೆಬೆಳೆಗೂ ಉತ್ತರ ಸಿಗುತ್ತದೆ. ಮಾವಿನ ತಳಿ ಮಾಡುವ ನಮಗೆ ಹಾಗಲ್ಲ.

ಆದರೂ ನಿನ್ನ ಸಸಿಗಳು ಕಡಿಮೆ ಅಂತ ಬೇಸರ ಪಡಬೇಡ. ಒಂದು ಗೊಂಚಲಿನಲ್ಲಿ ಸಾವಿರಾರು ಹೂ, ಜಾಸ್ತಿ ಬರೀ ಗಂಡು ಹೂ. ಅದರಲ್ಲಿ ಗಂಡು ಹೆಣ್ಣು ಎರಡೂ ಇರುವ ದ್ವಿಲಿಂಗಿ ಮೊಗ್ಗು ಹುಡುಕಬೇಕು. ಅರಳುವ ಮೊದಲೇ ಅದರೊಳಗಿನ ಪರಾಗ ಕೊಡುವ ಗುಲಾಬಿ ಕೇಸರವನ್ನು ಚಿಮಟದಲ್ಲಿ ಕೀಳಬೇಕು. ಒಂದು ಹೂವಿನಲ್ಲಿ ಸಾಮಾನ್ಯವಾಗಿ ಅಂಥ ಕೇಸರ ಒಂದೇ ಇರುತ್ತದೆ. ಆಮೇಲೆ ಇನ್ನೊಂದು ಮರದ ಪರಾಗ ಸೋಕಿಸಿ ಚೀಲ ಕಟ್ಟಬೇಕು. ಇಷ್ಟಾದರೂ ಮಿಡಿ ಉದುರುತ್ತದೆ. ಉಳಿದ ಕಾಯಿಗೆ ಒಂದೇ ವಾಟೆ.

ಆ ವಾಟೆಯೊಳಗೆ ಏನಿದೆ ಅಂತ ಮೊದಲೇ ಯಾರೂ ಹೇಳಲಾರರು. ವಂಶದ ಗುಣ ಹೊರುವ 40 ಕ್ರೋಮೋಸೋಮಿನಲ್ಲಿ ಅರ್ಧ ತಾಯಿಯದು, ಅರ್ಧ ತಂದೆಯದು. ಆದರೆ ಒಂದೇ ಮರದ ಎರಡು ಪರಾಗ ಕಣ ಕೂಡ ಒಂದೇ ಥರ ಇರುವುದಿಲ್ಲ. ಮಲ್ಲಿಕಾ, ಆಮ್ರಪಾಲಿ ಅನ್ನುವ ಮಾವಿನ ತಳಿಗಳೆರಡಕ್ಕೂ ಹೆತ್ತವರು ನೀಲಂ ಮತ್ತು ದಶೇರಿಯೇ. ಮಲ್ಲಿಕಾಗೆ ನೀಲಂ ತಾಯಿ, ಆಮ್ರಪಾಲಿಗೆ ದಶೇರಿ ತಾಯಿ. ಮಲ್ಲಿಕಾದ ಹಣ್ಣು ದಪ್ಪ. ಆಮ್ರಪಾಲಿಯ ಹಣ್ಣು ಚಿಕ್ಕದು, ಮರವೂ ಗಿಡ್ಡ, ಆದರೆ ಪ್ರತಿವರ್ಷ ಬಿಡುತ್ತದೆ. ಎಷ್ಟು ಸಲ ನೆನೆದರೂ ನನಗೆ ಸಂತೋಷವಾಗುತ್ತದೆ.

ಮತ್ತೆ ಆ ನಿನ್ನ ಸಾಲಿಗೇ ಬಂದೆ ನೋಡು. ನನಗೆ ವರ್ಗವಾದಾಗ ನಾನು ಮಾಡಿದ ಮಿಶ್ರತಳಿಯ ಸಾಲೊಂದು ಇನ್ನೂ ಹೂ ಬಿಟ್ಟಿರಲಿಲ್ಲ. ಆಮೇಲೆ ಅಲ್ಲಿ ಕಟ್ಟಡ ಬಂತು, ಮರಗಳು ಹೋದವು. ಬೇರೆಲ್ಲೂ ಅವುಗಳ ಒಂದು ಕಸಿ ಗಿಡವೂ ಇರಲಿಲ್ಲ. ಅವುಗಳ ಹಣ್ಣಿನ ರುಚಿ ಹೇಗಿರುತ್ತಿತ್ತು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಆ ಮರಗಳು ಕಾಯಿ ಬಿಡುವಾಗ ನಾನು ಅಲ್ಲಿರಲಿಲ್ಲ ಅನ್ನುವುದು ನನಗೆ ಅಂಥ ದುಃಖವಲ್ಲ. ಅವು ಕಾಯಿಯನ್ನೇ ಬಿಡಲಿಲ್ಲವಲ್ಲ, ಅದು.

ಅದಕ್ಕೇ ಹೇಳುತ್ತಿದ್ದೇನೆ, ನಿನಗೆ ಗೊತ್ತಿರುವುದೇ ಇರಬಹುದು, ತಪ್ಪು ತಿಳಿಯಬೇಡ. ಪ್ರತಿ ಸಸಿಯಿಂದ ಒಂದೆರಡು ಕಡ್ಡಿ ತೆಗೆದು ಫಲ ಬಿಡುವ ದೊಡ್ಡ ಮರದ ಕೊಂಬೆಗೆ ಕಸಿ ಕಟ್ಟು. ಹೂ ಬೇಗ ಬರುವುದುಂಟು. ಬರದಿದ್ದರೂ ಆ ತಳಿ ಎರಡು ಕಡೆ ಉಳಿಯುತ್ತದೆ. ತಗಡಿನ ಚೀಟಿಯಲ್ಲಿ ತಾಯಿ ಯಾವುದು, ತಂದೆ ಯಾವುದು ಅಂತ ಕೊರೆದು ಬರೆ, ಇಂಕು ಮಳೆಗೆ ಅಳಿಸುತ್ತದೆ. ಎಳೆ ಎಲೆ ಹಿಸುಕಿ ಮೂಸುತ್ತಿರು, ಹಣ್ಣಿನ ಪರಿಮಳದ ಸುಳಿವು ಕೆಲವೊಮ್ಮೆ ಅಲ್ಲೇ ಸಿಗುತ್ತದೆ. ನಿನ್ನ ಜೊತೆ ಕೆಲಸ ಮಾಡುವ ಒಬ್ಬರಿಗಾದರೂ ಯಾವ ಗಿಡ ಎಲ್ಲಿದೆ ಅಂತ ತೋರಿಸಿಡು.

ಕಡ್ಡಿ ಬಲಿತಿದ್ದರೆ ತಡ ಮಾಡಬೇಡ. ಎಷ್ಟು ಅಂಟಿದವು, ಎಷ್ಟು ಒಣಗಿದವು ಅಂತ ಬರಿ.

ನಿನ್ನ ದೊಡ್ಡಪ್ಪ