ಗೆಳೆಯನಿಗೊಂದು ಪತ್ರ: ನಮ್ಮ ಸ್ಟಾರ್ಮ್‌ಗೆ ಬೇರೆ ಇಂಜಿನ್ ಬೇಡ

ವಾಸ್ಕೊ, ಗೋವಾ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನನ್ನ ಸ್ಯಾನ್ ಸ್ಟಾರ್ಮ್ ಕಾರಿನ ಬಗ್ಗೆ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಕೈತುಂಬ ಗ್ರೀಸ್ ಇತ್ತು, ನಿನ್ನ ಮಾತು ಅರ್ಧಂಬರ್ಧ ಕೇಳುತ್ತಿತ್ತು. "ಅಷ್ಟು ಚಂದದ ಗಾಡಿಗೆ 1149 ಸಿಸಿ ಇಂಜಿನ್ ಯಾಕೋ, ಕಿತ್ತು ದೊಡ್ಡದೊಂದು ಕೂರಿಸು" ಅಂದೆಯಲ್ಲ, ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ. ಕೂರಿಸುವುದಿಲ್ಲ ಕಣೋ.

ಮೊದಲು ಕಾನೂನಿನ ಮಾತು ಮುಗಿಸಿಬಿಡುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಖಡಾಖಂಡಿತವಾಗಿ ಹೇಳಿತು. 15 ವರ್ಷ ದಾಟಿದ ಗಾಡಿ ನಮ್ಮದು. ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಲು ಆರ್‌ಟಿಒ ಮುಂದೆ ನಿಲ್ಲಿಸಲೇಬೇಕು.

ಆದರೆ ನನ್ನ ನಿಜವಾದ ಕಾರಣ ಅದಲ್ಲ. ಸ್ಯಾನ್ ಸ್ಟಾರ್ಮ್ ಅಂದರೆ ಏನು ಅಂತ ಯೋಚಿಸು. ಬೆಂಗಳೂರಿನ ಕಂಪನಿ, ಗಾಡಿ ಕಟ್ಟಿದ್ದು ಇಲ್ಲೇ ವೆರ್ಣಾದಲ್ಲಿ, ಇಂಜಿನ್ ಫ್ರಾನ್ಸಿನ ರೆನೋ ಕಂಪನಿಯದು. ಎರಡೇ ಸೀಟು, ಹಿಂದಕ್ಕೆ ಮಡಚುವ ಬಟ್ಟೆಯ ಟಾಪ್, ಫೈಬರ್ ಬಾಡಿ. ಸುಮಾರು 60 ಕುದುರೆ ಶಕ್ತಿ ಕಾಗದದ ಮೇಲೆ ಕಡಿಮೆ ಅನ್ನಿಸುತ್ತದೆ. ಗಾಡಿ ಹಗುರ, ನೆಲಕ್ಕೆ ಅಂಟಿಕೊಂಡ ಹಾಗೆ ಕೂರುತ್ತೇವೆ, ಬೋರಿಮ್ ಕಡೆಯ ತಿರುವುಗಳಲ್ಲಿ ಅಷ್ಟು ಶಕ್ತಿ ಸಾಕು. ಆ ತೂಕಕ್ಕೆ ಆ ಇಂಜಿನ್, ಆ ಇಂಜಿನ್‌ಗೆ ಆ ಗೇರ್‌ಬಾಕ್ಸ್, ಆ ಬ್ರೇಕು, ಆ ರೇಡಿಯೇಟರ್ ಅಂತ ಲೆಕ್ಕ ಹಾಕಿ ಕೂರಿಸಿದ್ದಾರೆ. ಒಂದನ್ನು ಎಳೆದರೆ ಉಳಿದದ್ದೂ ಬಿಚ್ಚಿಕೊಳ್ಳುತ್ತದೆ. ಇದನ್ನು ನಾನು ಕಲಿತದ್ದು ಒಂದು ಬೋಲ್ಟಿನಿಂದ.

ಹೋದ ವರ್ಷ ರಾತ್ರಿ ಜುವಾರಿ ಸೇತುವೆ ಮೇಲೆ ಬರುತ್ತಿದ್ದೆ. ಎಡಗಡೆ ಇಂಡಿಕೇಟರ್ ಹಾಕಿದರೆ ಹೆಡ್‌ಲೈಟೂ ಅದರ ಜೊತೆ ಮಂಕಾಗಿ, ಮತ್ತೆ ಹೊತ್ತಿ, ಮತ್ತೆ ಮಂಕಾಗಿ ತಾಳ ಹಾಕತೊಡಗಿತು. ಗ್ಯಾರೇಜಿನವರು ಬ್ಯಾಟರಿ ಬದಲಿಸಿದರು. ಆಮೇಲೆ ಇಂಡಿಕೇಟರ್ ಮಿನುಗಿಸುವ ಫ್ಲಾಶರ್ ಬದಲಿಸಿದರು. ಎರಡೂ ಹೊಸದಾದವು, ಕಾಯಿಲೆ ಹಾಗೇ ಉಳಿಯಿತು.

ಒಂದು ಭಾನುವಾರ ನಾನೇ ಮಲ್ಟಿಮೀಟರ್ ಹಿಡಿದು ಕೂತೆ. ಲೈಟ್ ಉರಿಯುತ್ತಿರುವಾಗಲೇ ಅದರ ಅರ್ತ್ ಪಿನ್ನಿಗೆ ಒಂದು ಕಡ್ಡಿ, ಬ್ಯಾಟರಿಯ ಮೈನಸ್‌ಗೆ ಇನ್ನೊಂದು ಕಡ್ಡಿ. ಸೊನ್ನೆಯ ಹತ್ತಿರ ಇರಬೇಕಾದ ಕಡೆ 3.4 ವೋಲ್ಟ್ ತೋರಿಸಿತು. ಅಂದರೆ ಕರೆಂಟ್ ವಾಪಸ್ ಹೋಗುವ ದಾರಿಯೇ ಕಟ್ಟಿಕೊಂಡಿದೆ. ತಗಡಿನ ಬಾಡಿಯ ಕಾರಿನಲ್ಲಿ ಇಡೀ ಬಾಡಿಯೇ ಅರ್ತ್. ಎಲ್ಲಿ ಬೇಕಾದರೂ ಒಂದು ಸ್ಕ್ರೂ ಹಾಕಿ ವೈರ್ ಸಿಕ್ಕಿಸಬಹುದು. ಫೈಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಪ್ರತಿಯೊಂದು ಲೈಟಿನಿಂದಲೂ ಕಪ್ಪು ವೈರ್ ಕೆಳಗಿನ ಲೋಹದ ಚೌಕಟ್ಟಿನವರೆಗೆ, ಅಂದರೆ ಚಾಸಿಯವರೆಗೆ, ಬರಲೇಬೇಕು.

ಆ ಕಪ್ಪು ವೈರ್ ಹಿಡಿದುಕೊಂಡು ಹೋದೆ. ಹೆಡ್‌ಲೈಟಿನ ಹಿಂದೆ, ಚಾಸಿಯ ಮೇಲೆ ಒಂದು ಬೋಲ್ಟ್. ಅದರಡಿ ಸಿಕ್ಕಿಸಿದ ತಾಮ್ರದ ರಿಂಗ್, ವರ್ಷಗಟ್ಟಲೆ ಹುಣಸೆಹಣ್ಣು ಕಾಣದ ಚೊಂಬಿನ ಹಾಗೆ ಹಸಿರುಗಟ್ಟಿತ್ತು. ಸ್ಪ್ಯಾನರ್ ತಿರುಗಿಸಿದ ಕೂಡಲೇ ತುಕ್ಕು ಚಕ್ಕೆ ಚಕ್ಕೆಯಾಗಿ ಉದುರಿತು. ಸಮುದ್ರದ ಗಾಳಿ ಯಾರನ್ನೂ ಬಿಡುವುದಿಲ್ಲ. ಇನ್ನೂ ಒಂದು ವಿಷಯ ಗೊತ್ತಾಯಿತು. ಹಿಂದಿನ ಮಾಲೀಕರು ಹಾಕಿಸಿದ ಎರಡು ಫಾಗ್ ಲೈಟ್, ಜೋರು ಹಾರ್ನ್, ಸ್ಟೀರಿಯೋದ ಆಂಪ್ಲಿಫೈಯರ್, ಎಲ್ಲದರ ಅರ್ತ್ ವೈರುಗಳನ್ನೂ ಹೊಸೆದು, ಟೇಪ್ ಸುತ್ತಿ, ಇದೇ ಒಂದು ಬೋಲ್ಟಿಗೆ ತಂದು ಕಟ್ಟಿದ್ದರು. ಪಾಪ, ಅದು ಎಷ್ಟು ಅಂತ ಹೊರುತ್ತದೆ!

ಉಪ್ಪು ಕಾಗದದಿಂದ ಚಾಸಿ ಬೆಳ್ಳಗೆ ಹೊಳೆಯುವವರೆಗೆ ಉಜ್ಜಿದೆ. ಹೊಸ ರಿಂಗ್ ಹಾಕಿ, ಬಿಗಿ ಮಾಡಿ, ನೀರು ತಾಗದಂತೆ ಮೇಲೆ ವ್ಯಾಸಲೀನ್ ಬಳಿದೆ. ಹಾರ್ನಿಗೂ ಆಂಪ್ಲಿಫೈಯರ್‌ಗೂ ಬೇರೆ ಬೇರೆ ಅರ್ತ್ ಕೊಟ್ಟೆ. ಫಾಗ್ ಲೈಟ್ ತೆಗೆದೆ. ಮೀಟರ್ 0.08ಕ್ಕೆ ಇಳಿಯಿತು. ಇಂಡಿಕೇಟರ್ ಹಾಕಿದೆ, ಹೆಡ್‌ಲೈಟ್ ಕದಲಲಿಲ್ಲ. ಮನೆಯವಳನ್ನು ಕೂಗಿ ಕರೆದು ತೋರಿಸಿದೆ, ಅಷ್ಟು ಖುಷಿಯಾಗಿತ್ತು.

ಬಾಡಿಯದು ಇನ್ನೊಂದು ಕತೆ. ಮುಂದಿನ ಮಡ್‌ಗಾರ್ಡಿನ ಮೇಲೆ ಜೇಡರ ಬಲೆಯ ಹಾಗೆ ಬಿರುಕು ಬಿಟ್ಟಿತ್ತು. ಪೇಂಟ್ ಅಂಗಡಿಯವರು ಪುಟ್ಟಿ ಮೆತ್ತಿ ಬಣ್ಣ ಹೊಡೆಯುತ್ತೇವೆ ಅಂದರು. ನನಗೆ ಮನಸ್ಸಾಗಲಿಲ್ಲ. ಖಾರೆವಾಡ ಜೆಟ್ಟಿಯ ಹತ್ತಿರ ಫೈಬರ್ ದೋಣಿ ರಿಪೇರಿ ಮಾಡುವ ಒಬ್ಬರಿದ್ದಾರೆ, ಕುಮಟಾ ಕಡೆಯವರು. ಅವರ ಹತ್ತಿರ ಹೋದೆ. ಬೆರಳ ಗೆಣ್ಣಿನಿಂದ ಮಡ್‌ಗಾರ್ಡನ್ನು ಉದ್ದಕ್ಕೂ ಬಡಿದು ನೋಡಿದರು. ಟಕ್, ಟಕ್, ಟಕ್, ಒಂದು ಕಡೆ ಡಬ್. "ಇಲ್ಲಿ ಪದರ ಬಿಟ್ಟದೆ ಮಾರಾಯ್ರೆ, ಮೇಲಿಂದ ಪುಟ್ಟಿ ಹಾಕಿದ್ರೆ ಮತ್ತೆ ಇಲ್ಲೇ ಒಡೀತದೆ" ಅಂದರು. ಜೂನ್, ಜುಲೈ ಮೀನುಗಾರಿಕೆ ನಿಷೇಧ, ದೋಣಿಗಳೆಲ್ಲ ದಡಕ್ಕೆ ಬರುತ್ತವೆ, ಅವರಿಗೆ ಕೈತುಂಬ ಕೆಲಸ. ಮೇಲಾಗಿ ಮಳೆಯ ತೇವದಲ್ಲಿ ಫೈಬರ್ ಹಿಡಿದಿಡುವ ಅಂಟು, ರೆಸಿನ್, ಸರಿಯಾಗಿ ಗಟ್ಟಿಯಾಗುವುದಿಲ್ಲ. ಚಳಿಗಾಲಕ್ಕೆ ತನ್ನಿ ಅಂದರು. ಕಾದೆ.

ಡಿಸೆಂಬರಿನಲ್ಲಿ ಎರಡು ದಿನ ಅವರ ಪಕ್ಕ ಕೂತು ನೋಡಿದೆ. ಕೆಟ್ಟ ಪದರವನ್ನೆಲ್ಲ ಗ್ರೈಂಡರಿನಿಂದ ಉಜ್ಜಿ, ಅಂಚನ್ನು ತಟ್ಟೆಯಂತೆ ಇಳಿಜಾರಾಗಿ ತೆಳುಗೊಳಿಸಿದರು. ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ ಇಳಿಜಾರು ಬೇಕಂತೆ, ಆಗಲೇ ಹೊಸ ಪದರ ಹಳೆಯದನ್ನು ಗಟ್ಟಿಯಾಗಿ ಹಿಡಿಯುವುದು. ಅಸಿಟೋನ್‌ನಿಂದ ಒರೆಸಿ, ಫೈಬರ್ ಮ್ಯಾಟ್ ಇಟ್ಟು, ರೆಸಿನ್ ಸವರಿ, ಗುಳ್ಳೆ ಹೋಗುವವರೆಗೆ ರೋಲರ್ ಓಡಿಸಿದರು. ಹಾಲಿನಂತೆ ಬೆಳ್ಳಗಿದ್ದ ಮ್ಯಾಟ್ ರೆಸಿನ್ ಕುಡಿಯುತ್ತ ಕುಡಿಯುತ್ತ ಗಾಜಿನಂತೆ ತಿಳಿಯಾಯಿತು. ಈಗ ಎಲ್ಲಿ ಬಡಿದರೂ ಟಕ್ ಅನ್ನುತ್ತದೆ. ಆ ಅಣ್ಣನಂಥ ಕೈ ಗೋವಾದಲ್ಲಿ ಇರುವುದು ಈ ಗಾಡಿಯ ಪುಣ್ಯ.

ಹಾಗಂತ ನಾನು ಏನನ್ನೂ ಬದಲಿಸಿಲ್ಲ ಅಂದುಕೊಳ್ಳಬೇಡ. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ 20 ಭಾಗ ಎಥನಾಲ್ ಬೆರೆತ ಪೆಟ್ರೋಲ್. ಹಳೆಯ ರಬ್ಬರ್ ಅದಕ್ಕೆ ಊದಿಕೊಂಡು ಬಿರಿಯುತ್ತದೆ. ಹಾಗಾಗಿ ಪೆಟ್ರೋಲ್ ಪೈಪುಗಳನ್ನೆಲ್ಲ ಎಥನಾಲ್ ತಡೆಯುವ ಜೆ30 ಆರ್9 ದರ್ಜೆಯದಕ್ಕೆ ಬದಲಿಸಿದೆ. ಟೈಮಿಂಗ್ ಬೆಲ್ಟ್ ಫ್ರಾನ್ಸಿನಲ್ಲಿರುವ ಅಕ್ಕನ ಮಗ ತಂದುಕೊಟ್ಟ. ಅಲ್ಲಿ ಟ್ವಿಂಗೊ ಕಾರಿಗೂ ಇದೇ ಇಂಜಿನ್ ಬರುತ್ತಿತ್ತು, ಬೆಲ್ಟ್ ಸುಲಭವಾಗಿ ಸಿಗುತ್ತದೆ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸುತ್ತೇನೆ. ಅದು ಗಾಳಿಯ ತೇವ ಹೀರುತ್ತದೆ, ಘಾಟಿಯಲ್ಲಿ ಬಿಸಿಯಾದಾಗ ಆ ನೀರು ಆವಿಯಾಗಿ, ಬ್ರೇಕ್ ಹಿಡಿಯದೆ ಪೆಡಲ್ ಕೆಳಗಿಳಿಯುತ್ತದೆ. ಟೈರಿನ ಪಕ್ಕ ನಾಲ್ಕು ಅಂಕಿ ಇರುತ್ತದಲ್ಲ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ನಾನು ಗಾಡಿ ತಗೊಂಡಾಗ 0911 ಅಂತ ಇತ್ತು. ಟೈರಿನ ಮೇಲಿನ ಅಚ್ಚು ಸವೆಯದೆ ಹೊಸದರಂತಿತ್ತು, ರಬ್ಬರ್ ಮಾತ್ರ ಕಲ್ಲಾಗಿತ್ತು. ನಾಲ್ಕನ್ನೂ ಅವತ್ತೇ ಬಿಚ್ಚಿಸಿದೆ. ನಿನ್ನ ಗಾಡಿಯದ್ದನ್ನೂ ಒಮ್ಮೆ ಬಗ್ಗಿ ನೋಡು.

ತೆಗೆದ ಯಾವ ಸಾಮಾನನ್ನೂ ಬಿಸಾಡಿಲ್ಲ. ಒಂದೊಂದಕ್ಕೂ ಚೀಟಿ ಕಟ್ಟಿ, ಎಲ್ಲಿತ್ತು, ಯಾವಾಗ ತೆಗೆದೆ ಅಂತ ಬರೆದು ಟ್ರಂಕಿನಲ್ಲಿಟ್ಟಿದ್ದೇನೆ. ನನ್ನ ನಂತರ ಇದನ್ನು ಓಡಿಸುವವರು ಯಾರೋ, ಅವರಿಗೆ ಗಾಡಿ ಮೊದಲಿದ್ದ ಹಾಗೆ ಮಾಡಿಕೊಳ್ಳಲು ದಾರಿ ಇರಬೇಕು ಅಲ್ವಾ?

ಈಗ ನಿನ್ನಿಂದ ಒಂದು ಸಹಾಯ. ಬಾಗಿಲಿನ ರಬ್ಬರ್ ಬೀಡಿಂಗ್ ಹರಿದಿದೆ, ಮಳೆ ಬಂದರೆ ಎಡಗಡೆ ಸೀಟ್ ಒದ್ದೆ. ಹಳೆಯದರ ಗೇಣುದ್ದದ ತುಂಡು ಕೊರಿಯರ್ ಮಾಡಿದ್ದೇನೆ. ಹುಬ್ಬಳ್ಳಿಯಲ್ಲಿ ಬಸ್ ಬಾಡಿ ಕಟ್ಟುವವರ ಹತ್ತಿರ ಅದೇ ಅಳತೆಯದು ಸಿಗಬಹುದು, ಕೇಳಿ ನೋಡು. ಒಂಬತ್ತು ಮೀಟರ್ ಬೇಕು. ಸಿಕ್ಕರೆ ಹೇಳು, ಮಳೆ ಕಳೆದ ಮೇಲೆ ಅನಮೋಡ ಘಾಟಿ ಹತ್ತಿ ನಾನೇ ಬಂದು ತಗೊಂಡು ಹೋಗುತ್ತೇನೆ. ವಾಪಸ್ ಬರುವಾಗ ರಾಮನಗರದವರೆಗೆ ನೀನೇ ಓಡಿಸು.

ನಿನ್ನ ಗೆಳೆಯ