ಪೈಪಿನಲ್ಲಿ ಹರಿದುಹೋಗುವ ಕರೆಂಟು

ಸಂಪಾದಕರೇ,

ಹವಾಮಾನ ಕೆಟ್ಟಿರೋದು ದೊಡ್ಡ ಕಾರ್ಖಾನೆಗಳಿಂದ, ನಾನೊಬ್ಬ ಸರಿಯಾದರೆ ಏನಾಗುತ್ತೆ ಅಂತ ನಮ್ಮ ಪಕ್ಕದ ಮನೆಯವರು ಕೇಳುತ್ತಾರೆ. ಮಾತು ಪೂರ್ತಿ ಸುಳ್ಳೇನಲ್ಲ. ಆದರೆ ಅವರು ದಿನಾ ಬೆಳಿಗ್ಗೆ ಪೈಪು ಹಿಡಿದು ಕಾರು ತೊಳೆಯುವ ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಎತ್ತರ ಹತ್ತಿ ಬೆಂಗಳೂರಿಗೆ ಬರುತ್ತದೆ, ಅಷ್ಟೂ ಪಂಪಿನ ಬಲದಲ್ಲಿ. ನೀರು ಚೆಲ್ಲಿದರೆ ಕರೆಂಟೂ ಚೆಲ್ಲಿದ ಹಾಗೇ ಅಲ್ವಾ? 2024ರ ಮಾರ್ಚ್‌ನಲ್ಲಿ ನೀರಿಗೆ ಬರ ಬಂದು, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಅಂದಾಗ ಅವರು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಆಗಲೂ ಕಾರು ಹೊಳೆಯುತ್ತಿತ್ತು! ಮಳೆ ಬಂತು, ಪೈಪು ಮತ್ತೆ ಹೊರಬಂತು. ನಾನೇನು ಸಾಚಾ ಅಲ್ಲ. ಮೆಟ್ರೊ ಸ್ಟೇಷನ್ ಹತ್ತಿರವೇ ಇದ್ದರೂ ಸುಮ್ನೆ ಸೋಮಾರಿತನಕ್ಕೆ ಸ್ಕೂಟರ್ ತೆಗೆಯುತ್ತಿದ್ದೆ. ಹೋದ ವಾರದಿಂದ ನಡೆದು ಹೋಗುತ್ತಿದ್ದೇನೆ. ಅವರ ಪೈಪು ಮಾತ್ರ ಇನ್ನೂ ಗೇಟಿನ ಹತ್ತಿರವೇ ಬಿದ್ದಿದೆ.

– ಓದುಗ, ಬಸವನಗುಡಿ, ಬೆಂಗಳೂರು